ಹತ್ತೊಂಬತ್ತನೇ ನಂಬರಿನ ಖಾಲಿ ಬಸ್ಸು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವುದು ನನ್ನ ಕೆಲಸವಲ್ಲ. ನಾನು ನಗರ ಸಾರಿಗೆ ಕಚೇರಿಯ ಸರ್ವರ್ ಕೋಣೆಯನ್ನು ನೋಡಿಕೊಳ್ಳುವವನು. ಹಗಲು ಡಿಪೋದಲ್ಲಿ ಗುಮಾಸ್ತನಾಗಿದ್ದುಕೊಂಡು ಮೂರು ವರ್ಷ ಸಂಜೆ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿತೆ. ಹಗಲು ಕಾಲೇಜಿನಲ್ಲಿ ಕಲಿತವರಿಗೆ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಅದು ಏನೆಂದು ಗೊತ್ತಿದ್ದರೆ ಕಲಿತುಬಿಡುತ್ತಿದ್ದೆ.

ಈ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಬ್ಬರಿದ್ದಾರೆ. ಒಬ್ಬಳು ನನ್ನ ಅಕ್ಕ. ಇನ್ನೊಬ್ಬರು ಹತ್ತೊಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರು. ಅಕ್ಕನಿಗೆ ಪುರುಸೊತ್ತಿಲ್ಲ. ಕಂಡಕ್ಟರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಾಗಾಗಿ ನಾನೇ ಹೇಳಬೇಕಾಗಿದೆ.

ನಮ್ಮಲ್ಲಿ ಮೊದಲು ಒಂದೇ ಸರ್ವರ್ ಇತ್ತು. ಮುನ್ನೂರ ಹನ್ನೆರಡು ಬಸ್ಸುಗಳ ಟಿಕೆಟ್ಟೆಲ್ಲ ಅದರ ಹೊಟ್ಟೆಗೇ ಹೋಗಬೇಕು. ಪಾಸ್ ಕೌಂಟರಿನವರು ಕೇಳಿದ್ದಕ್ಕೂ ಅದೇ ಉತ್ತರ ಕೊಡಬೇಕು. ಜೊತೆಗೆ ದಿನಕ್ಕೊಮ್ಮೆ ಇಡೀ ದಾಖಲೆಯ ನಕಲು ತೆಗೆದಿಡಬೇಕು. ಯಂತ್ರ ಕೆಟ್ಟರೆ ಎಲ್ಲವೂ ಮುಳುಗಿಹೋಗಬಾರದಲ್ಲ, ಅದಕ್ಕಾಗಿ. ಇದಕ್ಕೆ ಬ್ಯಾಕಪ್ ಎನ್ನುತ್ತೇವೆ. ಆ ನಕಲಿಗೇ ಐದೂವರೆ ಗಂಟೆ ಹಿಡಿಯುತ್ತಿತ್ತು. ಅದು ಮುಗಿದು ಯಂತ್ರ ಉಸಿರು ಬಿಡುವಷ್ಟರಲ್ಲಿ ಯೋಜನಾ ವಿಭಾಗದ ಸಾಹೇಬರು ಬೆಳಿಗ್ಗೆ ಹತ್ತಕ್ಕೆ ತಮ್ಮ ವರದಿ ಶುರು ಮಾಡುತ್ತಿದ್ದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಪರ್ಸೆಂಟ್ ಸಾಹೇಬರು ಎನ್ನುತ್ತಾರೆ, ಎದುರಿಗೆ ಬರೀ ಸಾಹೇಬರು. ಟೀ ಹೇಗಿದೆ ಎಂದು ಕೇಳಿದರೆ ಎಪ್ಪತ್ತು ಪರ್ಸೆಂಟ್ ಎನ್ನುವವರು. ನಿನ್ನೆ ಯಾವ ಬಸ್ಸಿನಲ್ಲಿ ಎಷ್ಟು ಜನ ಹೋದರು, ಎಷ್ಟು ಸೀಟು ಖಾಲಿ ಎಂದು ಅವರು ಕೇಳಿದ ತಕ್ಷಣ ಸರ್ವರ್ ಉಳಿದದ್ದೆಲ್ಲ ಬಿಟ್ಟು ಎಣಿಸಲು ಕೂರುತ್ತಿತ್ತು. ಪಾಸ್ ಕೌಂಟರಿನ ಪರದೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಗಾಜಿನ ಹಿಂದಿನ ಹೆಂಗಸು ಸಾಲಿನಲ್ಲಿದ್ದವರನ್ನು ನೋಡುವುದು, ಸಾಲಿನಲ್ಲಿದ್ದವರು ಅವಳನ್ನು ನೋಡುವುದು. ಹೀಗೆ ನಲವತ್ತು ನಿಮಿಷ.

ಒಂದು ದಿನ ನಮ್ಮ ವಿಭಾಗದ ಮೇಡಂ ನನ್ನ ಮೇಜಿನ ಮುಂದೆ ಬಂದು ನಿಂತರು.

"ಏನಾದ್ರೂ ಮಾಡಿಪ್ಪ. ಇವತ್ತು ಒಬ್ರು ಕೌಂಟರ್ ಗಾಜಿಗೆ ಚಪ್ಪಲಿಯಿಂದ ತಟ್ಟಿದ್ರಂತೆ."

"ಎರಡನೇ ಸರ್ವರ್ ಇದ್ರೆ ಮಾಡಬಹುದು ಮೇಡಂ."

"ನಮ್ಮಲ್ಲಿ ಇಲ್ವಲ್ಲ."

"ಇದೆ ಮೇಡಂ. ಪೆಟ್ಟಿಗೆಯಲ್ಲಿದೆ. ಅದರ ಮೇಲೇ ನಾವು ಫ್ಲಾಸ್ಕ್ ಇಡೋದು."

ಅದು ಬಂದು ಒಂದೂವರೆ ವರ್ಷವಾಗಿತ್ತು. ಏತಕ್ಕೆ ತರಿಸಿದ್ದರು ಎಂದು ಯಾರಿಗೂ ನೆನಪಿರಲಿಲ್ಲ. ಫ್ಲಾಸ್ಕಿಗೆ ಒಂದು ಸ್ಟೂಲು ಕೊಡಿಸಿ ಪೆಟ್ಟಿಗೆ ಒಡೆದೆವು.

ನಾನು ಮಾಡಿದ ಏರ್ಪಾಡಿಗೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅದನ್ನು ಸಂಜೆ ಕಾಲೇಜಿನ ಮೇಷ್ಟ್ರು ಹೇಳಿಕೊಟ್ಟ ಹಾಗೇ ಹೇಳುತ್ತೇನೆ, ಸ್ವಂತ ಮಾತಿನಲ್ಲಿ ಹೇಳಲು ಧೈರ್ಯವಿಲ್ಲ. ದೊಡ್ಡ ಪುಸ್ತಕ ಒಂದಿದೆ, ಅದರಲ್ಲಿ ಹತ್ತಾರು ಜನ ಬರೆಯುತ್ತಲೇ ಇರುತ್ತಾರೆ ಎಂದುಕೊಳ್ಳಿ. ನಕಲು ಮಾಡಲು ಅದನ್ನು ಎತ್ತಿಕೊಂಡರೆ ಬರೆಯುವವರು ಕಾಯಬೇಕು. ಅದರ ಬದಲು ಒಂದು ಗಳಿಗೆ ಎಲ್ಲರೂ ಪೆನ್ನು ಎತ್ತಿ ಎನ್ನುತ್ತೇವೆ. ಮೂರೇ ಸೆಕೆಂಡು. ಆ ಗಳಿಗೆಯಲ್ಲಿ ಪುಸ್ತಕ ಹೇಗಿತ್ತೋ ಅದಕ್ಕೊಂದು ಗುರುತು ಹಾಕಿ, ಸರಿ, ಬರೆಯಿರಿ ಎನ್ನುತ್ತೇವೆ. ಆಮೇಲೆ ಯಾರಾದರೂ ಒಂದು ಪುಟ ತಿದ್ದಿದರೆ ಯಂತ್ರವೇ ಹಳೇ ಪುಟವನ್ನು ಪಕ್ಕಕ್ಕೆ ಎತ್ತಿಡುತ್ತದೆ. ಎರಡನೇ ಸರ್ವರಿಗೆ ಕಾಣುವುದು ಗುರುತು ಹಾಕಿದ ಗಳಿಗೆಯ ಪುಸ್ತಕ ಮಾತ್ರ. ಅದು ನಿಧಾನವಾಗಿ ನಕಲು ಮಾಡಿಕೊಳ್ಳಲಿ, ಪರ್ಸೆಂಟ್ ಸಾಹೇಬರು ಮನಸ್ಸು ತಣಿಯುವಷ್ಟು ಎಣಿಸಲಿ, ಮೊದಲ ಸರ್ವರಿಗೆ ಅದರ ಗೊಡವೆಯಿಲ್ಲ.

ಯಾವ ಗಳಿಗೆ ಎಂಬುದೇ ಮುಖ್ಯ. ಹದಿನೈದು ದಿನ ಸರ್ವರಿಗೆ ಯಾವ ಹೊತ್ತಿನಲ್ಲಿ ಎಷ್ಟು ಕೆಲಸ ಎಂದು ಗೆರೆ ಎಳೆದು ನೋಡಿದೆ. ಬೆಳಗಿನ ನಾಲ್ಕೂವರೆಗೆ ಅದು ಬಹುತೇಕ ಸುಮ್ಮನಿರುತ್ತಿತ್ತು. ಆದರೂ ಸಮಾಧಾನವಾಗಲಿಲ್ಲ. ಹಿಂದಿನ ದಿನದ ಟಿಕೆಟ್ಟೆಲ್ಲ ಅಷ್ಟು ಹೊತ್ತಿಗೆ ಬಂದಿರಬೇಕಲ್ಲ. ನಮ್ಮ ಕಂಡಕ್ಟರುಗಳ ಟಿಕೆಟ್ ಮಿಷನ್ನುಗಳು ಹಳೆಯವು. ಬಸ್ಸು ಡಿಪೋಗೆ ಬಂದ ಮೇಲೆ ಗೋಡೆಯ ಗೂಡಿನಲ್ಲಿ ಇಟ್ಟಾಗಲೇ ಅದರೊಳಗಿನ ಟಿಕೆಟ್ ಸರ್ವರಿಗೆ ಇಳಿಯುವುದು. ಅದಕ್ಕೇ ಡಿಪೋದಿಂದ 'ವಾಪಸಾಗುವ ಬಸ್ಸುಗಳ ಪಟ್ಟಿ' ತರಿಸಿ ಮೂರು ಸಲ ಓದಿದೆ. ಕೊನೆಯ ಬಸ್ಸು ರಾತ್ರಿ ಒಂದೂವರೆಗೇ ಬಂದುಬಿಡುತ್ತಿತ್ತು. ನಾಲ್ಕೂವರೆ ಎಂದು ಬರೆದೆ. ಮೇಡಂ ಸಹಿ ಹಾಕಿದರು.

ಮರುದಿನದಿಂದ ಪಾಸ್ ಕೌಂಟರ್ ನಿಲ್ಲಲಿಲ್ಲ. ಪರ್ಸೆಂಟ್ ಸಾಹೇಬರ ವರದಿ ನಲವತ್ತು ನಿಮಿಷದ ಬದಲು ನಾಲ್ಕು ನಿಮಿಷಕ್ಕೆ ಬಂತು. ಅವರು ನೂರಕ್ಕೆ ನೂರು ಎಂದರು. ಅವರು ಹಾಗೆ ಹೇಳಿದ್ದು ಅದೊಂದೇ ಸಲವಂತೆ. ನನಗೊಂದು ಪ್ರಶಂಸಾ ಪತ್ರ ಬಂತು. ಮೇಡಂ ಅದಕ್ಕೆ ಗಾಜು ಹಾಕಿಸಿ ಸರ್ವರ್ ಕೋಣೆಯಲ್ಲಿ, ಹಳೇ ಸ್ವಿಚ್ಚು ಕಿತ್ತು ತೂತು ಉಳಿದಿದ್ದ ಜಾಗದಲ್ಲಿ ನೇತುಹಾಕಿಸಿದರು.

ನಾನು ಮಾತ್ರ ನಂಬಿ ಕೂರಲಿಲ್ಲ. ನಾಲ್ಕೂವರೆಗೆ ಮೊದಲ ಸರ್ವರಿನಲ್ಲಿ ಎಷ್ಟು ಟಿಕೆಟ್ ಇದ್ದವು, ಎರಡನೆಯದರಲ್ಲಿ ಎಷ್ಟು ಕಾಣುತ್ತಿವೆ ಎಂದು ಪ್ರತಿದಿನ ಬೆಳಿಗ್ಗೆ ತಾಳೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ತೊಂಬತ್ತಾರು ದಿನ ಒಂದು ಟಿಕೆಟ್ಟಿನ ವ್ಯತ್ಯಾಸವೂ ಬರಲಿಲ್ಲ. ಆ ನೋಟ್‌ಬುಕ್ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ತಪ್ಪೂ ಇಲ್ಲ.

ನನ್ನ ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಎಂಟು ವರ್ಷ ದಿನಗೂಲಿಯಲ್ಲಿದ್ದು ಹೋದ ವರ್ಷ ಖಾಯಂ ಆದಳು. ಅವಳ ಮನೆ ಹತ್ತೊಂಬತ್ತನೇ ನಂಬರಿನ ಕೊನೇ ಸ್ಟಾಪಿನಲ್ಲಿ, ಊರಾಚೆಯ ಬಡಾವಣೆಯಲ್ಲಿ. ಆ ಬಸ್ಸು ಹೋಗುವುದು ದಿನಕ್ಕೆ ಒಂದು ಸಲ, ಬರುವುದು ಒಂದು ಸಲ. ಸಂಜೆ ಆರೂ ನಲವತ್ತಕ್ಕೆ ಇಲ್ಲಿಂದ ಹೊರಟು ಮುಕ್ಕಾಲು ಗಂಟೆಯ ಮೇಲೆ ಓಡಿ, ಅಲ್ಲೇ ಹಾಲ್ಟ್ ಮಾಡಿ, ಬೆಳಿಗ್ಗೆ ಜನ ತುಂಬಿಕೊಂಡು ಏಳೂವರೆಗೆ ವಾಪಸು ಬರುತ್ತದೆ. ಡ್ರೈವರು, ಕಂಡಕ್ಟರು ಅಲ್ಲೇ ಒಂದು ಕೋಣೆಯಲ್ಲಿ ಮಲಗುತ್ತಾರೆ. ಭಾವ ಒಂದು ಕಾರ್ಖಾನೆಯ ಕಾವಲುಗಾರ, ಎಂಟೂಕಾಲಿಗೆ ಮನೆ ಬಿಡಬೇಕು. ಮಗಳಿಗೆ ನಾಲ್ಕು ವರ್ಷ. ಅಕ್ಕ ಎಂಟರೊಳಗೆ ಮನೆ ಸೇರದಿದ್ದರೆ ಮಗುವಿನ ಜೊತೆ ಯಾರೂ ಇಲ್ಲ. ಆ ಬಸ್ಸು ಇದ್ದರೆ ಅವಳಿಗೆ ಕೆಲಸ. ಇಲ್ಲದಿದ್ದರೆ ಇಲ್ಲ.

ಬಸ್ಸಿಗೆ ಮೊದಲು ಅವಳು ನಮ್ಮ ಕಚೇರಿ ಗೇಟಿನ ಬಳಿಯ ಬೆಂಚಿನ ಮೇಲೆ ಕೂರುತ್ತಾಳೆ. ನಾನು ಇಳಿದು ಹೋಗಿ ಒಂದಿಪ್ಪತ್ತು ನಿಮಿಷ ಮಾತಾಡುತ್ತೇನೆ. ಮಾತು ಎಂದರೆ ಅವಳು ಬೈಯುತ್ತಾಳೆ, ನಾನು ಹೂಂಗುಟ್ಟುತ್ತೇನೆ.

ಹೀಗಿರುವಾಗ ಒಂದು ಸೋಮವಾರ ಅವಳ ಮುಖ ಬಿಗಿದುಕೊಂಡಿತ್ತು.

"ಏನೋ ಇದು? ನಮ್ ಬಸ್ಸು ನಿಲ್ಲಿಸ್ತಾರಂತೆ?"

ನನಗೆ ಗೊತ್ತಿತ್ತು. ಬರುವ ಶುಕ್ರವಾರದ ಸಭೆಯ ವಿಷಯಗಳ ಪಟ್ಟಿಯಲ್ಲಿ ಅದಿತ್ತು. ಪರ್ಸೆಂಟ್ ಸಾಹೇಬರ ಟಿಪ್ಪಣಿಯನ್ನೂ ಓದಿದ್ದೆ. ಹತ್ತೊಂಬತ್ತನೇ ನಂಬರಿನ ಸಂಜೆ ಟ್ರಿಪ್ಪಿನಲ್ಲಿ ಮೂರು ತಿಂಗಳಿಂದ ಒಬ್ಬ ಪ್ರಯಾಣಿಕನೂ ಇಲ್ಲ.

"ಆ ಬಸ್ಸಲ್ಲಿ ಜನ ಇಲ್ಲ ಅಕ್ಕ."

"ಜನ ಇಲ್ವಾ?"

"ಇಲ್ಲ. ಸೊನ್ನೆ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲೋ, ನಿನ್ನೆ ನಾನು ಒಂಟಿ ಕಾಲಲ್ಲಿ ನಿಂತ್ಕೊಂಡು ಹೋಗಿದೀನಿ. ಇನ್ನೊಂದು ಕಾಲು ಇಡಕ್ಕೆ ಜಾಗ ಇರ್ಲಿಲ್ಲ. ಯಾರದೋ ಚೀಲ ನನ್ನ ಬೆನ್ನಿಗೆ, ಯಾರದೋ ಮೊಣಕೈ ನನ್ನ ಕಿವಿಗೆ. ಅದ್ಯಾರದ್ದು ಹಾಗಾದ್ರೆ?"

"ವರದಿಯಲ್ಲಿ ಯಾರೂ ಇಲ್ಲ."

"ಅಂದ್ರೆ ನಾನೂ ಇಲ್ಲ."

"ವರದಿ ಪ್ರಕಾರ..."

"ನಾನು ಮನೆಗೆ ಹೋಗೇ ಇಲ್ಲ ಅನ್ನು. ಮೂರು ತಿಂಗಳಿಂದ. ನಿಮ್ಮ ಭಾವನಿಗೆ ಈ ವಿಷಯ ಯಾರಾದ್ರೂ ಹೇಳ್ರಪ್ಪ, ಖುಷಿ ಪಟ್ಕೊತಾರೆ."

ಓದುವವರು ನನ್ನನ್ನು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಒಡಹುಟ್ಟಿದ ಅಕ್ಕ ಎದುರಿಗೆ ಕೂತು ಬಸ್ಸು ತುಂಬಿತ್ತು ಎನ್ನುತ್ತಿದ್ದಾಳೆ. ನಾನು ತೊಂಬತ್ತಾರು ದಿನ ತಾಳೆ ನೋಡಿದ ಯಂತ್ರವನ್ನು ನಂಬಿದೆ. ಅಕ್ಕ ಚಿಕ್ಕಂದಿನಿಂದಲೂ ಸ್ವಲ್ಪ ಉತ್ಪ್ರೇಕ್ಷೆ ಮಾಡುವವಳು ಎಂದು ಸಮಾಧಾನ ಮಾಡಿಕೊಂಡೆ.

ಆದರೂ ಒಂದು ವಿಷಯ ಕೊರೆಯುತ್ತಿತ್ತು. ಅದೇ ವರದಿಯಲ್ಲಿ ಬೆಳಗಿನ ಟ್ರಿಪ್ಪಿಗೆ ದಿನಕ್ಕೆ ಸರಾಸರಿ ಐವತ್ತೆಂಟು ಜನ. ಅಂದರೆ ಬಡಾವಣೆಯಿಂದ ದಿನಾ ಐವತ್ತೆಂಟು ಜನ ಊರೊಳಗೆ ಬರುತ್ತಾರೆ, ಒಬ್ಬರೂ ವಾಪಸು ಹೋಗುವುದಿಲ್ಲ. ತೊಂಬತ್ತಾರು ದಿನಕ್ಕೆ ಗುಣಿಸಿದೆ. ಐದೂವರೆ ಸಾವಿರ ದಾಟಿತು. ಆ ಬಡಾವಣೆಯಲ್ಲಿ ಇರುವುದೇ ಒಂಬೈನೂರು ಜನ. ಮಂಗಳವಾರ ಬೆಳಿಗ್ಗೆ ಧೈರ್ಯ ಮಾಡಿ ಪರ್ಸೆಂಟ್ ಸಾಹೇಬರಿಗೆ ಇದನ್ನು ಹೇಳಿದೆ.

"ನಾನೂ ಗಮನಿಸಿದೀನಿ," ಎಂದರು. "ಏಕಮುಖ ಪ್ರಯಾಣ ಅಂತ ಬರ್ದಿದೀನಿ ನೋಡಿ, ಮೂರನೇ ಪುಟದಲ್ಲಿ."

"ಹಾಗಾದ್ರೆ ಅವರೆಲ್ಲ ವಾಪಸ್ ಹೇಗೆ ಹೋಗ್ತಾರೆ ಸರ್?"

"ಅದು ನಮ್ಮ ವಿಭಾಗಕ್ಕೆ ಬರಲ್ಲ. ನಮ್ಮ ಬಸ್ಸಲ್ಲಂತೂ ಹೋಗ್ತಿಲ್ಲ."

"ಸಂಜೆ ಬಸ್ಸು ಹೋಗದಿದ್ರೆ ಬೆಳಿಗ್ಗೆ ಬಸ್ಸು ಅಲ್ಲಿಂದ ಹೇಗೆ ಬರುತ್ತೆ ಸರ್?"

"ಬೆಳಿಗ್ಗೆ ಐದಕ್ಕೆ ಖಾಲಿ ಕಳಿಸ್ತೀವಿ. ಸಂಜೆ ಈಗ್ಲೂ ಖಾಲಿ ತಾನೇ ಹೋಗೋದು? ನಷ್ಟ ಏನಿಲ್ಲ."

ಅವರು ಹೇಳಿದ ಮೇಲೆ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಾಲ್ಕನೇ ಪುಟದಲ್ಲಿ ಅವರು ಬಡಾವಣೆ ಖಾಲಿಯಾಗುತ್ತಾ ಬಂದಿರುವುದರಿಂದ ಮುಂದೆ ಬೆಳಗಿನ ಟ್ರಿಪ್ಪೂ ಬೇಕಾಗುವುದಿಲ್ಲ ಎಂದು ಬರೆದಿದ್ದರು.

ಆ ಸಂಜೆ ಅಕ್ಕ ಬೆಂಚಿನ ಮೇಲೆ ಕೂರಲಿಲ್ಲ. ನಿಂತೇ ಒಂದು ಟಿಕೆಟ್ ನನ್ನ ಅಂಗೈಗೆ ಒತ್ತಿದಳು.

"ತಗೋ. ನಿನ್ನೆ ಸಂಜೆದು. ದುಡ್ಡು ಕೊಟ್ಟು ತಗೊಂಡಿದೀನಿ. ನಿನ್ನ ಯಂತ್ರಕ್ಕೆ ತೋರ್ಸು ಹೋಗು, ನಾನಿಲ್ಲೇ ಇರ್ತೀನಿ."

ಎರಡೆರಡು ಮೆಟ್ಟಿಲು ಹತ್ತಿ ಓಡಿದೆ. ಎರಡನೇ ಸರ್ವರಿನಲ್ಲಿ ಟಿಕೆಟ್ ನಂಬರು ಹೊಡೆದೆ. ಇಲ್ಲ. ಇನ್ನೊಮ್ಮೆ ಒಂದೊಂದೇ ಅಂಕಿ ಓದಿಕೊಂಡು ಹೊಡೆದೆ. ಇಲ್ಲ. ಮೂರನೇ ಸಲವೂ ಇಲ್ಲ.

ಟಿಕೆಟ್ ಕೈಯಲ್ಲಿದೆ, ದಾಖಲೆಯಲ್ಲಿ ಇಲ್ಲ. ಸಂಜೆ ಕಾಲೇಜಿನಲ್ಲಿ ಕಲಿತ ಬುದ್ಧಿಗೆ ಒಂದೇ ಉತ್ತರ ಹೊಳೆಯಿತು. ಕಂಡಕ್ಟರು ಕಳ್ಳ ಟಿಕೆಟ್ ಕೊಡುತ್ತಿದ್ದಾರೆ.

ಕೆಳಗೆ ಬಂದಾಗ ಬಸ್ಸು ಆಗಲೇ ಗೇಟಿನೆದುರಿನ ಸ್ಟ್ಯಾಂಡಿಗೆ ಬಂದಿತ್ತು. ನಿಜ ಹೇಳಬೇಕೆಂದರೆ ಅದು ತುಂಬುತ್ತಲೂ ಇತ್ತು. ನಾನು ಅದನ್ನು ನೋಡಿಯೂ ನೋಡಲಿಲ್ಲ, ನೇರ ಕಂಡಕ್ಟರ ಹತ್ತಿರ ಹೋದೆ. ಇಪ್ಪತ್ತನಾಲ್ಕು ವರ್ಷ ಸರ್ವೀಸಿನ ಮನುಷ್ಯ. ಅಂಗಿಯ ಜೇಬು ಹರಿದುಹೋಗದ ಹಾಗೆ ಒಳಗಿನಿಂದ ಇನ್ನೊಂದು ಬಟ್ಟೆ ಹೊಲಿಸಿದ್ದರು.

"ಅಣ್ಣ, ಒಂದು ಮಾತು. ನೀವು ಟಿಕೆಟ್ಟು... ಎಲ್ಲಾ ಮಿಷನ್ನಿಂದಾನೇ ಕೊಡೋದಾ?"

ಅವರು ನನ್ನನ್ನೇ ನೋಡಿದರು.

"ಇನ್ನೆಲ್ಲಿಂದ ಕೊಡ್ಲಿ? ಮನೇಲಿ ಕೂತು ಬರ್ಕೊಂಡು ಬರ್ಲಾ?"

"ಹಾಗಲ್ಲ, ನಿಮ್ಮ ಟಿಕೆಟ್ ನಮ್ಮಲ್ಲಿ ಕಾಣ್ತಿಲ್ಲ. ಅದಕ್ಕೇ..."

"ಅದಕ್ಕೇ ನಾನು ಕಳ್ಳ." ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನೋಡಪ್ಪ, ದಿನಾ ಬೆಳಿಗ್ಗೆ ಏಳೂವರೆಗೆ ಗಾಡಿ ಬಂದು ನಿಂತ ತಕ್ಷಣ, ಮುಖಕ್ಕೆ ನೀರು ಹಾಕ್ಕೊಳ್ಳೋದಕ್ಕೂ ಮೊದ್ಲು, ಮಿಷನ್ ತಂದು ಗೂಡಲ್ಲಿ ಇಡ್ತೀನಿ. ಹಸಿರು ದೀಪ ಬರೋವರೆಗೂ ನಿಂತಿರ್ತೀನಿ. ಇಪ್ಪತ್ನಾಲ್ಕು ವರ್ಷದಲ್ಲಿ ನನ್ನನ್ನ ಯಾರೂ ಹೀಗೆ ಕೇಳಿರ್ಲಿಲ್ಲ. ಇಳಿ, ಗಾಡಿ ಬಿಡಬೇಕು."

ಅಕ್ಕ ಬಾಗಿಲ ಬಳಿ ಎರಡು ಚೀಲಗಳ ನಡುವೆ ಸಿಕ್ಕಿಕೊಂಡು ನಿಂತಿದ್ದಳು.

"ಹೋಗೋ, ಹೋಗು. ಆ ಅಣ್ಣನಿಗೆ ಯಾಕೆ ಮಸಿ ಬಳೀತೀಯ? ನಾಳೆ ಬರ್ತೀನಿ ಇರು."

ಕಂಡಕ್ಟರು ನನಗೆ ಉತ್ತರವನ್ನೇ ಹೇಳಿದ್ದರು. ಬಿಡಿಸಿ, ಗಂಟೆ ಸಮೇತ ಹೇಳಿದ್ದರು. ಅವಮಾನವಾದ ಮನುಷ್ಯನ ಮಾತು ಎಂದು ಮಾತ್ರ ನನಗೆ ಕೇಳಿಸಿತು.

ಬುಧವಾರ ಸಂಜೆ ಅಕ್ಕ ತನ್ನ ಬ್ಯಾಗಿನಿಂದ ಒಂದು ದೊಡ್ಡ ಸೇಫ್ಟಿ ಪಿನ್ ತೆಗೆದಳು. ಲಾಂಡ್ರಿಯಲ್ಲಿ ಬಟ್ಟೆಗೆ ಚೀಟಿ ಸಿಕ್ಕಿಸುವ ಪಿನ್ನು. ಅದರ ತುಂಬ ಟಿಕೆಟ್.

"ಇಪ್ಪತ್ತೆರಡು ಇದೆ. ಬ್ಯಾಗಿನ ತಳದಲ್ಲಿ ಬಿದ್ದಿದ್ದೆಲ್ಲ ಬಳಿದು ತಂದಿದೀನಿ. ಮೊದಲ್ನೇದು ಹೋದ ತಿಂಗಳದ್ದು, ಕೊನೇದು ನಿನ್ನೆದು. ಇಷ್ಟು ಕಳ್ಳ ಟಿಕೆಟ್ ಮಾಡೋಷ್ಟು ತಾಳ್ಮೆ ಯಾರಿಗಿದೆಯೋ? ಹೋಗು, ಎಲ್ಲಾ ನೋಡು."

ಮೇಲೆ ಹೋಗಿ ಹಳೆಯದರಿಂದ ಶುರು ಮಾಡಿದೆ. ಮೊದಲ ನಂಬರು ಹೊಡೆದೆ. ಪರದೆಯ ಮೇಲೆ ಟಿಕೆಟ್ ಬಂತು. ಸಂಜೆ ಟ್ರಿಪ್ಪು, ಕೊನೇ ಸ್ಟಾಪು, ಎಲ್ಲವೂ ಸರಿ. ಎರಡನೆಯದೂ ಬಂತು. ಮೂರನೆಯದೂ ಬಂತು. ಇಪ್ಪತ್ತೊಂದು ಟಿಕೆಟ್ ಒಂದೊಂದಾಗಿ ಬಂದವು. ಇಪ್ಪತ್ತೆರಡನೆಯದು, ನಿನ್ನೆಯದು, ಇಲ್ಲ.

ಆಮೇಲೆ ಅಂಗಿಯ ಜೇಬಿನಲ್ಲಿ ಮಡಚಿ ಇಟ್ಟಿದ್ದ ಸೋಮವಾರದ ಟಿಕೆಟ್ ತೆಗೆದೆ. ಹಿಂದಿನ ಸಂಜೆ ಮೂರು ಸಲ ಹೊಡೆದು ಮೂರು ಸಲವೂ ಇಲ್ಲ ಎನಿಸಿಕೊಂಡಿದ್ದ ಅದೇ ನಂಬರನ್ನು ಮತ್ತೆ ಹೊಡೆದೆ.

ಇತ್ತು.

ನಿನ್ನೆ ಇರಲಿಲ್ಲ, ಇವತ್ತು ಇದೆ. ಮೊದಲ ಸರ್ವರಿಗೆ ಹೋಗಿ ಆ ಟಿಕೆಟ್ ನಮ್ಮಲ್ಲಿಗೆ ಬಂದ ಸಮಯ ತೆಗೆದು ನೋಡಿದೆ. ಕೊಟ್ಟದ್ದು ಸೋಮವಾರ ಸಂಜೆ. ಸರ್ವರಿಗೆ ಇಳಿದದ್ದು ಮಂಗಳವಾರ ಬೆಳಿಗ್ಗೆ ಏಳೂ ನಲವತ್ತೊಂದಕ್ಕೆ.

ಗೂಡು. ಹಸಿರು ದೀಪ. ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮೊದಲು.

ನಾನು ಮೂರು ಸಲ ಓದಿದ್ದ ಪಟ್ಟಿ 'ವಾಪಸಾಗುವ ಬಸ್ಸುಗಳ ಪಟ್ಟಿ'. ಹಾಲ್ಟ್ ಬಸ್ಸು ರಾತ್ರಿ ವಾಪಸಾಗುವುದಿಲ್ಲ. ವಾಪಸಾಗದ ಬಸ್ಸು ಆ ಪಟ್ಟಿಯಲ್ಲಿ ಇರುವುದಿಲ್ಲ. ಮೂವತ್ತು ಸಲ ಓದಿದ್ದರೂ ಸಿಗುತ್ತಿರಲಿಲ್ಲ. ನಾನು ಗುರುತು ಹಾಕುವುದು ನಾಲ್ಕೂವರೆಗೆ. ಆ ಹೊತ್ತಿಗೆ ಅಕ್ಕನ ಟಿಕೆಟ್ ಊರಾಚೆ, ಮಲಗಿರುವ ಕಂಡಕ್ಟರ ತಲೆದಿಂಬಿನ ಪಕ್ಕದ ಮಿಷನ್ನಿನೊಳಗೆ ಇರುತ್ತದೆ. ಅದು ನಮ್ಮಲ್ಲಿಗೆ ಬರುವುದು ಮೂರು ಗಂಟೆ ಹನ್ನೊಂದು ನಿಮಿಷ ತಡವಾಗಿ. ಹತ್ತು ಗಂಟೆಗೆ ಪರ್ಸೆಂಟ್ ಸಾಹೇಬರು ನಾಲ್ಕೂವರೆಯ ಪುಸ್ತಕವನ್ನು ತೆಗೆದು ನಿನ್ನೆ ಎಷ್ಟು ಜನ ಎಂದು ಕೇಳುತ್ತಾರೆ. ಸಂಜೆ ಟ್ರಿಪ್ಪಿಗೆ ಸೊನ್ನೆ ಬರುತ್ತದೆ. ಅದನ್ನು ತಮ್ಮ ತಖ್ತೆಗೆ ಇಳಿಸಿಕೊಳ್ಳುತ್ತಾರೆ. ಮರುದಿನದ ಪುಸ್ತಕದಲ್ಲಿ ಆ ಟಿಕೆಟ್ಟುಗಳು ಇರುತ್ತವೆ, ಆದರೆ ಮರುದಿನ ಅವರು ಕೇಳುವುದು ಮರುದಿನದ ನಿನ್ನೆಯನ್ನು. ಮೊನ್ನೆಯನ್ನು ಯಾರೂ ಕೇಳುವುದಿಲ್ಲ. ಮೊದಲು ಒಂದೇ ಸರ್ವರ್ ಇದ್ದಾಗ ಹತ್ತು ಗಂಟೆಗೆ ಎಣಿಸುವಷ್ಟರಲ್ಲಿ ಮಿಷನ್ ಗೂಡಿಗೆ ಬಂದಾಗಿರುತ್ತಿತ್ತು. ಹಾಗಾಗಿ ಆಗ ಈ ತೊಂದರೆ ಇರಲೇ ಇಲ್ಲ. ತಂದದ್ದು ನಾನು.

ಕೆಳಗೆ ಇಳಿದು ಬಂದೆ.

"ಸಿಕ್ತಾ?" ಎಂದಳು ಅಕ್ಕ.

"ಸಿಕ್ತು."

"ಯಾರ ತಪ್ಪು?"

"ನಂದು."

ಅವಳು ಟಿಕೆಟ್ಟಿನ ಪಿನ್ನನ್ನು ವಾಪಸು ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. "ಮುಖ ಯಾಕೋ ಹಾಗೆ ಮಾಡ್ಕೊಂಡಿದೀಯ? ಹೇಳ್ಬೇಕಾದವರಿಗೆ ಹೇಳು. ಶುಕ್ರವಾರ ಅಂದ್ರೆ ನಾಡಿದ್ದು." ಬಸ್ಸಿನ ಕಡೆ ಎರಡು ಹೆಜ್ಜೆ ಹಾಕಿ ತಿರುಗಿದಳು. "ಇವತ್ತು ಹತ್ತಿದ್ರೆ ಇರ್ತೀನಾ, ಇರಲ್ವಾ?"

ಗುರುವಾರ ಬೆಳಿಗ್ಗೆ ಮೇಡಂ ಬರುವುದಕ್ಕೆ ಮೊದಲೇ ಅವರ ಬಾಗಿಲ ಬಳಿ ನಿಂತಿದ್ದೆ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಬಾಯಿಂದ ಮಾತ್ರ ಬೇರೆಯೇ ಬಂತು.

"ಮೇಡಂ, ಆ ಪ್ರಶಂಸಾ ಪತ್ರ ತೆಗೆಸಿಬಿಡಿ."

"ಯಾಕೆ? ಅಲ್ಲಿ ತೂತು ಕಾಣುತ್ತಲ್ಲ."

ಆಮೇಲೆ ಹೇಳಿದೆ. ಮೇಡಂ ಪರ್ಸೆಂಟ್ ಸಾಹೇಬರನ್ನು ಕರೆಸಿದರು. ಅವರು ಕುರ್ಚಿಯಲ್ಲಿ ಕೂತು, ನಾನು ನಿಂತು, ಮತ್ತೊಮ್ಮೆ ಎಲ್ಲ ಹೇಳಿದೆ.

"ಹಾಗಾದ್ರೆ ಎರಡನೇ ಸರ್ವರ್ ತಪ್ಪು ತೋರಿಸ್ತಿದೆ," ಎಂದರು ಮೇಡಂ.

"ಇಲ್ಲ ಮೇಡಂ, ಸರಿಯಾಗೇ ತೋರಿಸ್ತಿದೆ. ನಾಲ್ಕೂವರೆಗೆ ಅದು ನೂರಕ್ಕೆ ನೂರು ಸರಿ."

"ಅಂದ್ರೆ ನನ್ನ ವರದಿ ತಪ್ಪಿಲ್ಲ," ಎಂದರು ಪರ್ಸೆಂಟ್ ಸಾಹೇಬರು.

"ಇಲ್ಲ ಸರ್. ನಾಲ್ಕೂವರೆಗೆ ಸರಿ."

"ಏಕಮುಖ ಪ್ರಯಾಣ?"

"ನಾಲ್ಕೂವರೆಯಲ್ಲಿ ನಿಂತು ನೋಡಿದ್ರೆ ಇದೆ ಸರ್."

ಅವರು ಯೋಚಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ತಮ್ಮ ಟಿಪ್ಪಣಿಯ ಮೂರನೇ ಪುಟ ತೆಗೆದು, ಓದಿ, ಮಡಚಿದರು. ಆಮೇಲೆ ನಾಲ್ಕನೇ ಪುಟ ತೆಗೆದು ಸ್ವಲ್ಪ ಹೆಚ್ಚು ಹೊತ್ತು ಓದಿದರು.

"ಸರಿ, ಈಗ ಏನು ಮಾಡೋದು?" ಎಂದರು ಮೇಡಂ. "ಮತ್ತೆ ಒಂದೇ ಸರ್ವರ್‌ಗೆ ಹೋಗೋದಾ? ಚಪ್ಪಲಿ ನೆನಪಿದೆಯಲ್ಲ?"

"ಬೇಡ ಮೇಡಂ. ಗುರುತು ಎಂಟು ಗಂಟೆಗೆ ಹಾಕೋಣ ಅಂದ್ರೆ ಅದು ತುಂಬ ಓಡಾಟದ ಹೊತ್ತು, ಎಲ್ಲಾ ನಿಲ್ಲುತ್ತೆ, ಮೂರು ಸೆಕೆಂಡಿನಲ್ಲಿ ಮುಗಿಯುತ್ತೋ ಇಲ್ವೋ ಹೇಳೋಕಾಗಲ್ಲ. ಸುಲಭದ್ದು ಒಂದಿದೆ. ವರದಿ ನಿನ್ನೆದು ಕೇಳೋ ಬದಲು ಮೊನ್ನೆದು ಕೇಳಲಿ. ಅಷ್ಟು ಹೊತ್ತಿಗೆ ಎಲ್ಲಾ ಬಂದಿರುತ್ತೆ. ಒಂದು ಸಾಲು ಬದಲಾಯಿಸಿದ್ರೆ ಸಾಕು."

"ಡೈರೆಕ್ಟರ್ ಟೇಬಲ್ ಮೇಲೆ ದಿನಾ ನಿನ್ನೆದು ಇರ್ಬೇಕು," ಎಂದರು ಪರ್ಸೆಂಟ್ ಸಾಹೇಬರು. "ಹದಿಮೂರು ವರ್ಷದಿಂದ ಇದೆ."

"ಒಂದು ದಿನ ಹಳೇದು ಅಂತ ಅವ್ರಿಗೆ ಗೊತ್ತಾದಾಗ ನೋಡೋಣ," ಎಂದರು ಮೇಡಂ.

ಆ ಸಾಲನ್ನು ಬದಲಾಯಿಸಿ ಇಂದಿಗೆ ಐದು ತಿಂಗಳಾಯಿತು. ಡೈರೆಕ್ಟರಿಗೆ ಇನ್ನೂ ಗೊತ್ತಾಗಿಲ್ಲ.

ಶುಕ್ರವಾರದ ಸಭೆಗೆ ನಾನು ಮೊದಲ ಸರ್ವರಿನಿಂದ ತೊಂಬತ್ತಾರು ದಿನದ ಸಂಜೆ ಟ್ರಿಪ್ಪಿನ ಎಣಿಕೆ ತೆಗೆದುಕೊಟ್ಟೆ. ಸರಾಸರಿ ಅರವತ್ತೊಂದು. ಬೆಳಿಗ್ಗೆ ಬರುವವರಿಗಿಂತ ಮೂರು ಹೆಚ್ಚು. ಪರ್ಸೆಂಟ್ ಸಾಹೇಬರು ಅದನ್ನೂ ಗಮನಿಸಿದರು, ಈ ಸಲ ಏನೂ ಬರೆಯಲಿಲ್ಲ. ಹತ್ತೊಂಬತ್ತನೇ ನಂಬರಿನ ವಿಷಯವನ್ನು ಪಟ್ಟಿಯಿಂದ ತೆಗೆದರು.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿ ಕಾಲು ಚಾಚಿದಳು.

"ಹಾಗಾದ್ರೆ ಈಗ ನಾನು ಬಸ್ಸಲ್ಲಿ ಇದೀನಾ?"

"ಇದೀಯ. ಒಂದು ದಿನ ತಡವಾಗಿ."

"ಪರವಾಗಿಲ್ಲ ಬಿಡು. ನಮ್ ಮನೇಲಿ ಎಲ್ಲರೂ ತಡವೇ." ಸ್ವಲ್ಪ ಹೊತ್ತಿನ ಮೇಲೆ, "ಆ ಕಂಡಕ್ಟರಣ್ಣನಿಗೆ ಹೇಳಿದ್ಯಾ?" ಎಂದಳು.

ಹೇಳಲು ಹೋಗಿದ್ದೆ. ತಪ್ಪಾಯಿತು ಅಣ್ಣ ಎಂದೆ. ಅವರು ನನಗೆ ಖಾಯಂ ಪ್ರಯಾಣಿಕನಿಗೆ ಮಾಡುವ ಹಾಗೆ ತಲೆ ಅಲ್ಲಾಡಿಸಿ, ಮುಂದೆ ಹೋಗಿ, ಮುಂದೆ ಹೋಗಿ ಎಂದರು. ಆಗ ನನ್ನ ಮುಂದೆ ಯಾರೂ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಕ್ಕನ ಕೆಲಸ ಉಳಿಯಿತು, ಬಸ್ಸು ಉಳಿಯಿತು. ಆದರೆ ಮುಂದಿನದನ್ನು ಬಿಟ್ಟರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ.

ನಮ್ಮಲ್ಲಿ ಹಾಲ್ಟ್ ಬಸ್ಸುಗಳು ಮೂರಿದ್ದವು. ಎಂಟನೇ ನಂಬರು, ಇಪ್ಪತ್ತಾರನೇ ನಂಬರು, ಹತ್ತೊಂಬತ್ತನೇ ನಂಬರು. ಮೊದಲಿನ ಎರಡನ್ನು ನನ್ನ ಏರ್ಪಾಡು ಶುರುವಾಗಿ ಎರಡು ತಿಂಗಳಿಗೆ ನಿಲ್ಲಿಸಿಬಿಟ್ಟಿದ್ದರು. ಸಂಜೆ ಟ್ರಿಪ್ಪು ಖಾಲಿ ಎಂದು. ಆ ದಾರಿಗಳಲ್ಲಿ ಯಾವ ತಮ್ಮನಿಗೂ ಅಕ್ಕ ಇರಲಿಲ್ಲವೋ, ಇದ್ದರೂ ಆ ತಮ್ಮ ಸರ್ವರ್ ಕೋಣೆಯಲ್ಲಿ ಇರಲಿಲ್ಲವೋ. ಯಾರೂ ಬಂದು ಕೇಳಿರಲಿಲ್ಲ. ಸಭೆ ಮುಗಿದ ಮೇಲೆ ಆ ಎರಡರ ಎಣಿಕೆಯನ್ನೂ ತೆಗೆದೆ. ನಿಲ್ಲಿಸುವ ಹಿಂದಿನ ಸಂಜೆ ಎಂಟನೇ ನಂಬರಿನಲ್ಲಿ ಮೂವತ್ತನಾಲ್ಕು ಜನ. ಇಪ್ಪತ್ತಾರರಲ್ಲಿ ನಲವತ್ತೊಂದು.

ಮೇಡಂಗೆ ತೋರಿಸಿದೆ. ಅವರು ಆ ಹಾಳೆಯನ್ನು ಓದಿ ಮೇಜಿನ ಮೇಲಿಟ್ಟರು.

"ನಿಲ್ಲಿಸಿದ ಬಸ್ಸನ್ನ ಮತ್ತೆ ಬಿಡ್ಬೇಕಾದ್ರೆ ಪ್ರಯಾಣಿಕರಿಂದ ಅರ್ಜಿ ಬರ್ಬೇಕು. ಅದು ನಿಯಮ. ಯಾರಾದ್ರೂ ಕೊಟ್ಟಿದಾರಾ?"

"ಇಲ್ಲ ಮೇಡಂ."

"ನೀವು ಕೊಡೋಕಾಗಲ್ವಾ?"

"ನಾನು ಆ ಬಸ್ಸಲ್ಲಿ ಹೋಗಲ್ಲ ಮೇಡಂ."

"ಹೌದಲ್ಲ," ಎಂದರು.

ಒಂದು ಭಾನುವಾರ ಎಂಟನೇ ನಂಬರಿನ ಕೊನೇ ಸ್ಟಾಪಿಗೆ ಸೈಕಲ್ ತುಳಿದುಕೊಂಡು ಹೋದೆ. ಸ್ಟಾಪಿನ ಕಂಬ ಹಾಗೇ ಇತ್ತು, ನಂಬರಿನ ತಗಡನ್ನು ಮಾತ್ರ ಬಿಚ್ಚಿಕೊಂಡು ಹೋಗಿದ್ದರು. ನಾಲ್ಕು ಮೊಳೆಯ ಗುರುತು ಕಾಣುತ್ತಿತ್ತು. ಎದುರಿಗೆ ಪಂಕ್ಚರ್ ಹಾಕುವ ಅಂಗಡಿಯೊಂದಿತ್ತು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ ಅಂಗಡಿಯವನನ್ನು ಕೇಳಿದೆ.

"ಇಲ್ಲಿ ಸಂಜೆ ಬಸ್ಸಲ್ಲಿ ಇಳೀತಿದ್ರಲ್ಲ, ಅವರೆಲ್ಲ ಈಗ ಹೇಗೆ ಬರ್ತಾರೆ?"

"ಇಳೀತಿದ್ರು, ತುಂಬ ಜನ. ಈಗ ಕಾಣಲ್ಲ."

"ಎಲ್ಲಿಗೆ ಹೋದ್ರು?"

"ನಂಗೇನ್ ಗೊತ್ತಪ್ಪ. ನೀವು ಬಸ್ಸಿನವರಾ?"

ಅಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು. ಅವನು ಮತ್ತೆ ಟ್ಯೂಬಿನ ಕಡೆ ತಿರುಗಿದ.

ಆ ಎಪ್ಪತ್ತೈದು ಜನರ ಟಿಕೆಟ್ಟುಗಳು ಎರಡೂ ಸರ್ವರಿನಲ್ಲಿ ಈಗಲೂ ಇವೆ. ದಿನಾ ನಾಲ್ಕೂವರೆಗೆ ಅವುಗಳ ಮೇಲೂ ಗುರುತು ಬೀಳುತ್ತದೆ, ಬ್ಯಾಕಪ್ ಆಗುತ್ತದೆ. ಟಿಕೆಟ್ಟಿನಲ್ಲಿ ಹತ್ತಿದ ಜಾಗ, ಇಳಿಯುವ ಜಾಗ, ಸಮಯ ಇರುತ್ತದೆ. ಹೆಸರು ಇರುವುದಿಲ್ಲ. ಅವರಲ್ಲಿ ಎಷ್ಟು ಜನ ಬೇರೆ ದಾರಿ ಹಿಡಿದರು, ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ಕೆಲಸ ಬಿಟ್ಟರು, ಯಾರ ಮನೆಯಲ್ಲಿ ನಾಲ್ಕು ವರ್ಷದ ಮಗು ಇತ್ತು ಎಂಬುದು ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದು ಹೇಗೆ ಎಂಬುದೂ ಗೊತ್ತಿಲ್ಲ.